ಅರಳಿ ಎಲೆಗೆ ಬಿಡುವಿಲ್ಲ

ಲೋಕ ಆಗಷ್ಟೇ ಹುಟ್ಟಿ, ಇನ್ನೂ ಹಸಿ ಮಡಕೆಯಂತಿದ್ದ ಕಾಲ. ಭೂಮಿ ಆಗ ಕೈಗೂಸು. ಹಗಲು ಹೇಗೋ ಕಳೆಯುತ್ತಿತ್ತು, ಸೂರ್ಯ ಮುಳುಗಿದನೆಂದರೆ ಕೂಸು ಚಳಿಗೆ ಗಡಗಡ ನಡುಗುತ್ತಿತ್ತು. ನದಿ ಗಡ್ಡೆಗಟ್ಟುತ್ತಿತ್ತು, ಬೀಜ ಮಣ್ಣಿನಲ್ಲೇ ಸಾಯುತ್ತಿತ್ತು.

ಈ ಕೂಸನ್ನು ಸಾಕುತ್ತಿದ್ದವಳು ಕೌದಿ ಹೊಲಿಯುವ ಮುದುಕಿ ನಿಂಬೆವ್ವ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹಳೆ ಬಟ್ಟೆಯ ತುಂಡು ಸೇರಿಸಿ ಊರಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದವಳು, ಈ ಸಲ ಎಲ್ಲರ ಬಳಿ ಒಂದೊಂದು ಉಸಿರು ಕೇಳಿದಳು. ಎತ್ತು ಕೊಟ್ಟಿತು, ಕಪ್ಪೆ ಕೊಟ್ಟಿತು, ಕೆಸರು ಒಂದು ಗುಳ್ಳೆ ಕೊಟ್ಟಿತು, ಮನುಷ್ಯರೂ ಕೊಟ್ಟರು. ಅವನ್ನೆಲ್ಲ ಜೋಡಿಸಿ, ಕಣ್ಣಿಗೆ ಕಾಣದ ತೆಳ್ಳನೆಯ ಕೌದಿ ಹೊಲಿದು ಆಕಾಶದಲ್ಲಿ ಹರಡಿ ಕೂಸಿಗೆ ಹೊದಿಸಿದಳು. ಕೂಸು ಬೆಚ್ಚಗಾಗಿ ನಿದ್ದೆಹೋಯಿತು. ನದಿ ಕರಗಿ ಹರಿಯಿತು, ಬೀಜ ಮೊಳೆಯಿತು.

"ಇಷ್ಟ ಸಾಕು. ಇದರ ಮ್ಯಾಲೆ ಯಾರೂ ಒಂದು ತುಂಡೂ ಹಾಕಬ್ಯಾಡ್ರಿ" ಎಂದಳು ನಿಂಬೆವ್ವ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಲು ಯಾರಿಗೇನು ಕಷ್ಟ?

ಆಮೇಲೆ ಮನುಷ್ಯರಿಗೆ ನೆಲದೊಳಗೆ ಕಪ್ಪು ಕಲ್ಲು ಸಿಕ್ಕಿತು. ಅದು ಕಟ್ಟಿಗೆಗಿಂತ ಜೋರಾಗಿ ಉರಿಯಿತು. ಅಡುಗೆ ಮುಗಿದ ಮೇಲೂ ಒಲೆ ಉರಿಯಿತು. ಇಟ್ಟಿಗೆ ಸುಟ್ಟರು, ಮಡಕೆ ಸುಟ್ಟರು, ಸುಡಲು ಏನೂ ಇಲ್ಲದಾಗ ನೋಡಲು ಚೆಂದವೆಂದು ಸುಮ್ಮನೆ ಬೆಂಕಿ ಹಾಕಿದರು. ಹೊಗೆ ಮೇಲೇರಿ ಕೌದಿಯ ಮೇಲೆ ಇನ್ನೊಂದು ಪದರವಾಗಿ ಕೂತಿತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

ಕೂಸಿಗೆ ಜ್ವರ ಬಂತು. ಮೈ ಕಾದು ಕೆರೆ ಬತ್ತಿತು. ಕೂಸು ಹೊರಳಾಡಿದಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಸುರಿಯಿತು. ಕಪ್ಪೆ ಬಂದು, ತಾನು ಯಾವಾಗ ಕೂಗಬೇಕೆಂದೇ ತಿಳಿಯುತ್ತಿಲ್ಲ ಎಂದು ಅತ್ತಿತು. ನಿಂಬೆವ್ವ ಕೂಸಿನ ಹಣೆ ಮುಟ್ಟಿದಳು. ಹೀಗೇ ಬಿಟ್ಟರೆ ಇದು ಉಳಿಯದು ಎಂದು ಅವಳಿಗೆ ಗೊತ್ತಾಯಿತು.

ಅವಳು ಮನೆಮನೆಗೆ ಹೋದಳು. ಮೊದಲ ಮನೆಯವರು, ನಮ್ಮ ಒಲೆಯ ಹೊಗೆ ಅಂಗೈಯಗಲ, ಪಕ್ಕದ ಮನೆಗೆ ಹೇಳು ಎಂದರು. ಪಕ್ಕದವರು ಅದರ ಪಕ್ಕದ ಮನೆ ತೋರಿಸಿದರು. ಹೀಗೆ ಸುತ್ತಿ ಸುತ್ತಿ ಅವಳು ಮೊದಲ ಮನೆಗೇ ಬಂದು ನಿಂತಳು. ಕಾಳು ಕೂಡಿಡುವಾಗ ಹನಿ ಹನಿ ಗೂಡಿದರೆ ಹಳ್ಳ ಎನ್ನುವ ಬಾಯಿಗಳು ಹೊಗೆಯ ಮಾತು ಬಂದರೆ ಆ ಗಾದೆಯನ್ನೇ ಮರೆಯುತ್ತವೆ. ನಿಂಬೆವ್ವನಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಹೇಳಿ ಪ್ರಯೋಜನವಿಲ್ಲವೆಂದು ಅವಳು ಬೇರೆ ದಾರಿ ಹಿಡಿದಳು. ಊರ ಹಿರಿಯ ಬರಮಪ್ಪನಿಗೆ ಸನ್ಮಾನ ಮಾಡೋಣ, ಮನೆಗೊಂದು ಕೌದಿ ತಂದು ಹೊದಿಸಿರಿ ಎಂದು ಸಾರಿದಳು. ಸನ್ಮಾನವೆಂದರೆ ಬರಮಪ್ಪ ಊಟ ಬಿಟ್ಟಾದರೂ ಬರುವವನು. ನಡು ಮಧ್ಯಾಹ್ನ ಕಟ್ಟೆಯ ಮೇಲೆ ಮೀಸೆ ತೀಡಿಕೊಂಡು ಕೂತ. ಮೊದಲು ಅವನ ಮನೆಯವರೇ ಎಲ್ಲಕ್ಕಿಂತ ದಪ್ಪನೆಯದನ್ನು ಹೊದಿಸಿದರು. ಹಿಂದೆಯೇ ಊರೆಲ್ಲ ಸಾಲುಗಟ್ಟಿತು. ಹೊದಿಸಿದ್ದನ್ನು ಕೊಟ್ಟವರ ಎದುರಿಗೇ ತೆಗೆದರೆ ಅವಮಾನ, ಹಾಗಾಗಿ ಬರಮಪ್ಪ ನಗುತ್ತ ಬೆವರಿದ. ಆಮೇಲೆ ನಗು ನಿಂತಿತು, ಬೆವರು ನಿಲ್ಲಲಿಲ್ಲ.

"ಸಾಕು ಯವ್ವಾ, ಉಸಿರು ಕಟ್ಟಾಕತ್ತೈತಿ, ತಗೀರಿ" ಎಂದ.

"ಯಾರ ಕೌದಿಯಿಂದ ಸೆಕೆ ಆತು, ಹೇಳಪಾ. ಅದೊಂದನ್ನ ತಗಿತೀನಿ" ಎಂದಳು ನಿಂಬೆವ್ವ.

ಬರಮಪ್ಪ ಹೇಳುವ ಮೊದಲೇ ಊರವರು ಬಾಯಿ ಹಾಕಿದರು. ನಮ್ಮದು ತೆಳ್ಳಗಿದೆ, ಅವರದು ತೆಗೆಯಿರಿ ಎಂದು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಜಗಳಕ್ಕೇ ನಿಂತರು. ಅವರ ಜಗಳದ ನಡುವೆ ಬರಮಪ್ಪನ ಕಣ್ಣು ಮೇಲಾಗುತ್ತಿತ್ತು.

"ಮೊದಲ ನಮ್ಮ ಮನೀದು ಎಳೀರಿ, ಅದ ದಪ್ಪ ಐತಿ" ಎಂದು ಅವನು ಏದುಸಿರಲ್ಲಿ ಹೇಳಿದ.

ಅವನ ಮಗಳು ಓಡಿಬಂದು ತಮ್ಮದನ್ನು ಎಳೆದು ಹಾಕಿದಳು. ಅದನ್ನು ನೋಡಿ ಉಳಿದವರು ತಲೆ ತಗ್ಗಿಸಿ ತಂತಮ್ಮದನ್ನು ತೆಗೆದರು. ನಿಂಬೆವ್ವ ಆಕಾಶದ ಕಡೆ ಬೆರಳು ತೋರಿಸಿದಳು. ಈ ಸಲ ಬಿಡಿಸಿ ಹೇಳಬೇಕಾಗಲಿಲ್ಲ.

ಅಂದು ಬೇಡದ ಒಲೆಗಳು ಆರಿದವು. ಕುದಿಯುವ ಗಡಿಗೆಗೆ ಮುಚ್ಚಳ ಬಂತು. ಮನೆಗೆ ಬಿಸಿಲಲ್ಲಿ ಒಣಗಿಸಿದ ಇಟ್ಟಿಗೆಯೇ ಸಾಕಾಯಿತು. ಆದರೆ ಆಗಲೇ ಮೇಲೆ ಕೂತಿದ್ದನ್ನು ಬಿಚ್ಚುವವರು ಯಾರು? ಗಾಳಿಯನ್ನು ಕೇಳಿದರೆ, ಆ ಕಡೆಯಿಂದ ಈ ಕಡೆಗೆ ತಳ್ಳಬಲ್ಲೆ ಅಷ್ಟೇ ಎಂದಿತು. ಸಮುದ್ರ, ಕುಡಿಯುವಷ್ಟು ಹೊಗೆ ಕುಡಿದು ಹೊಟ್ಟೆಯೆಲ್ಲ ಹುಳಿಯಾಗಿದೆ ಎಂದು ನರಳಿತು. ನಿಂಬೆವ್ವ ಸೋತು ಅರಳಿ ಮರದ ಕೆಳಗೆ ಕುಸಿದು ಕೂತಳು.

ನನಗೆ ನಡೆಯಲು ಬರುವುದಿಲ್ಲ, ನಿಂತಲ್ಲೇ ಮಾಡುವ ಕೆಲಸವಿದ್ದರೆ ಕೊಡು ಎಂದಿತು ಅರಳಿ. ನಿಂಬೆವ್ವ ಅದರ ಒಂದೊಂದು ಎಲೆಯ ತುದಿಯನ್ನೂ ಎಳೆದು ಸೂಜಿಯಂತೆ ಚೂಪು ಮಾಡಿದಳು. ಹೊಗೆಯ ಹೊಲಿಗೆಯನ್ನು ಎಳೆಎಳೆಯಾಗಿ ಬಿಚ್ಚಿ ನುಂಗುವುದನ್ನು ಕಲಿಸಿದಳು. ಹೊಲಿಯಲು ಒಂದು ದಿನ, ಬಿಚ್ಚಲು ಒಂದು ಯುಗ. ಮರವನ್ನು ಕಡಿಯಬೇಡಿ, ಮತ್ತೆ ಮೇಲಕ್ಕೆ ಹೊಗೆ ಎಬ್ಬಿಸಬೇಡಿ ಎಂದು ಊರಿಗೆ ಕೈಮುಗಿದು ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಅವಳು ಆಚೆ ತಿರುಗಿದ್ದೇ ತಡ, ಮೂಲೆಮನೆಯಲ್ಲಿ ಯಾರೋ ಸುಮ್ಮನೆ ಒಲೆ ಹೊತ್ತಿಸಿದರು.

ಅದಕ್ಕೇ ಮಗು, ಗಾಳಿ ಬಿದ್ದುಹೋಗಿ ಬೇವು, ಹುಣಸೆ ಎಲ್ಲ ತೆಪ್ಪಗೆ ನಿಂತಿರುವ ಮಧ್ಯಾಹ್ನವೂ ಅರಳಿಯ ಎಲೆ ಮಾತ್ರ ಚೂಪು ತುದಿ ಅಲುಗಿಸುತ್ತಲೇ ಇರುತ್ತದೆ. ಅದು ಬಿಚ್ಚುತ್ತಲೇ ಇದೆ, ನಾವು ಹೊದಿಸುತ್ತಲೇ ಇದ್ದೇವೆ.