ಗುಂಡುಕಲ್ಲು ಮಲಗಿದ್ದ ತೊಟ್ಟಿಲು

"ಗುರುಗಳೇ, ಹಿರಿಯರ ಮಾತು ಮೀರಿದವರಿಗೆ ಒಳ್ಳೆಯದಾಗುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರು ಎಲೆಯಡಿಕೆಯನ್ನು ದವಡೆಗೆ ಸರಿಸಿ ಕತೆ ಹೇಳಿದರು.

ಒಂದು ಕೋಟೆಯೂರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನ ಮನೆಯಂಥ ಮನೆ ಏಳು ಸೀಮೆಯಲ್ಲಿರಲಿಲ್ಲ. ಪಡಸಾಲೆಯ ಮಂಚಕ್ಕೆ ಸಿಂಹದ ಕಾಲುಗಳು. ಅವನ್ನು ಕಂಡು ನಾಯಿಗಳು ಆ ಬೀದಿಯನ್ನೇ ಬಿಟ್ಟಿದ್ದವು. ದಂತ ಕೂರಿಸಿದ ಪೆಟ್ಟಿಗೆಗಳಿದ್ದವು, ಬೆಳ್ಳಿಯ ಕಟ್ಟಿನ ಕನ್ನಡಿಗಳಿದ್ದವು. ಎಲ್ಲಕ್ಕೂ ಮಿಗಿಲಾಗಿ, ಅವನ ಮುತ್ತಜ್ಜ ಮಾಡಿಸಿದ ಒಂದು ಬಣ್ಣದ ತೊಟ್ಟಿಲಿತ್ತು. ಅದರ ಮರದ ಗಿಣಿಗಳಿಗೆ ಕಾಡಿನ ಗಿಣಿಗಳು ಬಂದು ಹಣ್ಣು ತಿನ್ನಿಸುತ್ತಿದ್ದವು. ಸುಳ್ಳೆನ್ನಬೇಡ, ಉಗುಳಿದ ಬೀಜವನ್ನು ನೋಡಿದವರಿದ್ದಾರೆ.

ಆ ಮನೆಯ ಮಕ್ಕಳೆಲ್ಲ ಅದರಲ್ಲೇ ಮಲಗಿ ಹೆಸರು ಪಡೆದವರು. ವ್ಯಾಪಾರಿಯ ಕಾಲಕ್ಕೆ ಅದು ನೋಡುವ ವಸ್ತುವಾಯಿತು. ಬಂದವರಿಗೆಲ್ಲ ಅವನು ಅದನ್ನು ತೂಗಿ ತೋರಿಸುತ್ತಿದ್ದ. ಬರಿ ತೊಟ್ಟಿಲು ತೂಗಬಾರದಲ್ಲ, ಅದಕ್ಕೆ ಒರಳಿನ ಗುಂಡುಕಲ್ಲಿಗೆ ಕುಲಾವಿ ಹಾಕಿ ಒಳಗೆ ಮಲಗಿಸಿದ್ದ. ಹೆಸರಿಡುವ ದಿನ ಮಗುವಿಗಿಂತ ಮೊದಲು ಕಲ್ಲನ್ನು ಮಲಗಿಸುವುದು ರೂಢಿ. ಆಮೇಲೆ ಎತ್ತುವುದೂ ರೂಢಿಯೇ. ಅವನು ಎತ್ತಲಿಲ್ಲ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಗು ಹುಟ್ಟಿತು. ನನ್ನ ಕೂಸೂ ಆ ಗಿಣಿಗಳ ಕೆಳಗೆ ಕಣ್ಣುಬಿಡಬೇಕೆಂದು ಬಸಿರಿನುದ್ದಕ್ಕೂ ಅವಳು ನೆನೆದಿದ್ದಳು. ಹೆಸರಿಡುವ ದಿನ ಮುತ್ತೈದೆಯರು ಸೇರಿದರು. ವ್ಯಾಪಾರಿ ತೊಟ್ಟಿಲಿಗೆ ಅಡ್ಡ ನಿಂತ.

"ಮಗು ನಿನ್ನ ಮಡಿಲಲ್ಲೇ ಇರಲಿ. ತೊಟ್ಟಿಲಲ್ಲಿ ಕಲ್ಲಿದೆಯಲ್ಲ, ಅದನ್ನು ತೂಗಿದರಾಯಿತು. ಹೆಸರು ಎಲ್ಲಿಟ್ಟರೂ ಹೆಸರೇ."

"ಹಾಗಾದರೆ ಜೋಗುಳ ಯಾರಿಗಪ್ಪಾ? ಕಲ್ಲಿಗೋ?"

"ಮಗು ಒದ್ದೆ ಮಾಡುತ್ತದೆ. ಬಣ್ಣ ಹೋಗುತ್ತದೆ."

"ನೀವೂ ಮಾಡಿದ್ದಿರಿ. ನಿಮ್ಮನ್ನು ಹೆತ್ತ ಅಜ್ಜಿಯೇ ಊರಿಗೆಲ್ಲ ಹೇಳಿದ್ದಾಳೆ."

ಹೆಂಗಸರು ಸೆರಗಿನೊಳಗೆ ನಕ್ಕರು. ವ್ಯಾಪಾರಿಯ ಮುಖ ಕೆಂಪೇರಿತು.

"ಅದನ್ನು ಮುಟ್ಟಿದರೆ ಇಂದಿನಿಂದ ನಿನಗೆ ತವರಿಲ್ಲ" ಎಂದು ಹೇಳಿ, ಮಂಚದ ಮೇಲೆ ಹೋಗಿ ಕುಳಿತ.

ತವರಿಲ್ಲದ ಹೆಣ್ಣಿನ ಬಾಳು ಎಂಥದೆಂದು ಮಗಳಿಗೆ ಗೊತ್ತಿತ್ತು. ಆದರೂ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಎದ್ದಳು. ಆನೆಗೂ ಅಲುಗದ ಆ ಕಲ್ಲನ್ನು ಹಸಿ ಬಾಣಂತಿ ಹೂವೆತ್ತಿದಂತೆ ಎತ್ತಿ, ಅಪ್ಪನ ತೊಡೆಯ ಮೇಲಿಟ್ಟಳು.

"ಇದನ್ನು ನೀವೇ ಎತ್ತಿಕೊಳ್ಳಿ. ಇದು ಒದ್ದೆ ಮಾಡುವುದಿಲ್ಲ."

ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ತೂಗಿದಳು. ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ವ್ಯಾಪಾರಿ ಏಳಲು ನೋಡಿದ, ಕಲ್ಲು ಬಿಡಲಿಲ್ಲ.

"ಹೊರಗೆ ನಡೆ" ಎಂದ, ಕುಳಿತಲ್ಲಿಂದಲೇ.

"ಕೂಸು ಮಲಗಿದೆ. ಎದ್ದ ಮೇಲೆ ಹೋಗುತ್ತೇನೆ."

ಕೂಸು ಹೊತ್ತು ಇಳಿಯುವವರೆಗೆ ಮಲಗಿತು. ತೊಟ್ಟಿಲಿನಿಂದ ನೆಲಕ್ಕೆ ಹನಿ ತೊಟ್ಟಿಕ್ಕಿತು. ಎದ್ದ ಮೇಲೆ ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ತಲೆಬಾಗಿಲು ದಾಟಿ ಹೋದಳು. ತಿರುಗಿ ನೋಡಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ.

"ಏನೇ ಆದರೂ ಅವಳು ಹಿರಿಯರ ಮಾತು ಮೀರಿದಳಲ್ಲವೇ?"

"ಆ ಮನೆಯಲ್ಲಿ ಅಪ್ಪನಿಗಿಂತ ತೊಟ್ಟಿಲೇ ಹಿರಿಯದು, ಮಗನೇ" ಎಂದರು ಗುರು.