ಮೂರನೆಯ ಸಾಲಿನ ಹೆಂಗಸು

ಕಲ್ಲೇಶ ಗುರುಗಳನ್ನು ಕೇಳಿದ: "ಗುರುಗಳೇ, ಟಿವಿಯಲ್ಲಿ ಬರುವ ಹಾಡಿನ ಸ್ಪರ್ಧೆ ನಾಟಕವೆಂದು ನನಗೆ ಗೊತ್ತು. ಹಾಡುವವರ ಕಷ್ಟವನ್ನು ಕೆದಕಿ ತೋರಿಸುತ್ತಾರೆ. ಅಳಿ ಎಂದ ಹೊತ್ತಿಗೆ ತೀರ್ಪುಗಾರರು ಅಳುತ್ತಾರೆ. ಇದೆಲ್ಲ ಗೊತ್ತಿದ್ದರೂ ಶನಿವಾರ ಬಂದರೆ ಅದರ ಮುಂದೆ ಕೂರುತ್ತೇನೆ. ನಿನ್ನೆ ಅತ್ತೇಬಿಟ್ಟೆ. ಸುಳ್ಳೆಂದು ತಿಳಿದೂ ಅಳುವವನು ದಡ್ಡನಲ್ಲವೇ?"

ಕಲ್ಲೇಶ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ಮಠಕ್ಕೆ ಒಬ್ಬನೇ ಬಂದು, ಒಬ್ಬನೇ ಹಿಂದಿರುಗುತ್ತಿದ್ದ. ಗುರುಗಳು ಅವನ ಪ್ರಶ್ನೆಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆ. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅವನಿಗೆ ಒಂಬತ್ತು ವರ್ಷವಿದ್ದಾಗಲೇ ತಾಯಿ ತೀರಿಹೋಗಿದ್ದಳು. ಹೊಲಿಗೆ ಯಂತ್ರ ತುಳಿಯುತ್ತ ಅವನು ಹಾಡಿಕೊಳ್ಳುತ್ತಿದ್ದ. ಕಂಠ ಚೆನ್ನಾಗಿತ್ತು. ಅಳತೆ ಕೊಡಲು ಬಂದವರು ನಡುವೆಯೇ ಬಾಯಿ ಹಾಕಿ, ಶುಕ್ರವಾರಕ್ಕೆ ಆಗುತ್ತದೆಯೇ ಎಂದು ಕೇಳುತ್ತಿದ್ದರು. ಅವನು ಹಾಡು ನಿಲ್ಲಿಸಿ, ಆಗುತ್ತದೆ ಎನ್ನುತ್ತಿದ್ದ.

ಒಮ್ಮೆ ಜಿಲ್ಲಾ ಕೇಂದ್ರದಲ್ಲಿ ಟಿವಿಯ ಹಾಡಿನ ಸ್ಪರ್ಧೆಗೆ ಆಯ್ಕೆ ನಡೆಯಿತು. ದರ್ಜಿ ಅಂಗಡಿ ಮುಚ್ಚಿ ಹೋದ. ಇಡೀ ದಿನ ಸಾಲಿನಲ್ಲಿ ನಿಂತ. ಅವನು ಎರಡು ಸಾಲು ಹಾಡಿದ ಕೂಡಲೇ ಅಲ್ಲಿದ್ದವರು ಸಾಕೆಂದರು. ಆಮೇಲೆ ನಿಮ್ಮ ಕಷ್ಟವೇನು ಎಂದು ಕೇಳಿದರು. ಅಂಥ ಕಷ್ಟವೇನಿಲ್ಲ, ಕೈತುಂಬ ಕೆಲಸವಿದೆ ಎಂದು ಅವನು ಹೇಳಿದ. ಅವರು ಬಿಡಲಿಲ್ಲ. ಕೇಳುತ್ತ ಕೇಳುತ್ತ ತಾಯಿಯ ವಿಷಯ ಬಂತು. ಆಗ ಅವರ ಮುಖ ಅರಳಿತು. ಅವಳು ಹಾಡುತ್ತಿದ್ದ ಹಾಡು ಯಾವುದಾದರೂ ನೆನಪಿದೆಯೇ, ಇದ್ದರೆ ಅದನ್ನೇ ಹಾಡಬೇಕು ಎಂದರು.

ನೆನಪಿತ್ತು. ಅದೊಂದು ಜೋಗುಳ. ಅದನ್ನು ಅವನು ಅದುವರೆಗೆ ಯಾರೆದುರೂ ಹಾಡಿರಲಿಲ್ಲ. ಆದರೂ ಒಪ್ಪಿಕೊಂಡ.

ನಗರದ ಸ್ಟುಡಿಯೋದಲ್ಲಿ, ವೇದಿಕೆಯ ಮೇಲೆ ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದವು. ಕೆಳಗೆ ಕೂತವರ ಒಂದು ಮುಖವೂ ಕಾಣಲಿಲ್ಲ. ಅವನು ತಾಯಿಯ ವಿಷಯ ಹೇಳಿ, ಜೋಗುಳ ಹಾಡಿದ. ಚಪ್ಪಾಳೆ ಒಮ್ಮೆಲೇ ಶುರುವಾಗಿ ಒಮ್ಮೆಲೇ ನಿಂತಿತು. ಒಬ್ಬ ತೀರ್ಪುಗಾರ್ತಿ ಕಣ್ಣೊರೆಸಿಕೊಂಡಳು. ಇನ್ನೊಬ್ಬ, ಶ್ರುತಿ ಜಾರಿದೆ, ಬಟ್ಟೆ ಚೆನ್ನಾಗಿ ಹೊಲಿಯುತ್ತೀರಂತೆ, ಅದನ್ನೇ ಮುಂದುವರಿಸಿ ಎಂದ. ಎಲ್ಲರೂ ನಕ್ಕರು. ದರ್ಜಿಯೂ ನಕ್ಕ. ಕೈಮುಗಿದು ಕೆಳಗಿಳಿದ. ಮತ್ತೆ ಅವನನ್ನು ಕರೆಯಲಿಲ್ಲ.

ಮೂರು ವಾರ ಕಳೆದು ಅದು ಟಿವಿಯಲ್ಲಿ ಬಂತು. ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಒಬ್ಬನೇ ನೋಡಿದ. ಅವನು ಹಾಡುತ್ತಿರುವಾಗ ತೆರೆಯ ಮೇಲೆ ಒಬ್ಬ ಹೆಂಗಸು ಕಾಣಿಸಿದಳು. ಮೂರನೆಯ ಸಾಲಿನಲ್ಲಿ ಕೂತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಬೂದಿ ಬಣ್ಣದ ಸೀರೆ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ.

ಮರುದಿನ ಬೀದಿಯವರು ತೀರ್ಪುಗಾರನ ಮಾತನ್ನು ಹೇಳಿಕೊಂಡು ನಕ್ಕರು. ಅಲ್ಲಿಯದೆಲ್ಲ ನಾಟಕ, ನೀನು ಯಾಕೆ ಹೋದೆ ಎಂದರು. ನಾಟಕವೆಂಬುದು ದರ್ಜಿಗೂ ಗೊತ್ತಾಗಿತ್ತು. ಆದರೆ ಆ ಹೆಂಗಸಿನ ಮುಖ ನಾಟಕದ ಮುಖವಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಅಷ್ಟು ತುಣುಕನ್ನು ಫೋನಿನಲ್ಲಿ ಇಟ್ಟುಕೊಂಡ. ದಿನವೂ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಒಮ್ಮೆ ನೋಡುತ್ತಿದ್ದ. ಒಬ್ಬರಾದರೂ ಕೇಳಿದ್ದಾರೆ ಎಂದುಕೊಂಡು ಕೆಲಸಕ್ಕೆ ಕೂರುತ್ತಿದ್ದ.

ಹೀಗೆ ಒಂದು ವರ್ಷ ಹೋಯಿತು. ಅವಳನ್ನು ಕಂಡು ಕೈಮುಗಿದು ಬರಬೇಕೆಂದು ಅವನಿಗೆ ಅನ್ನಿಸಿತು. ಒಳ್ಳೆಯ ಹಸಿರು ರವಿಕೆಬಟ್ಟೆಯೊಂದನ್ನು ಆರಿಸಿ ಚೀಲದಲ್ಲಿಟ್ಟುಕೊಂಡು ನಗರಕ್ಕೆ ಹೋದ. ಸ್ಟುಡಿಯೋದ ಗೇಟಿನಲ್ಲಿ ಕಾವಲುಗಾರನಿಗೆ ಫೋನು ತೋರಿಸಿದ. ಅವನು ನೋಡಿದ ಕೂಡಲೇ, ಅಳುವ ಅಜ್ಜಿಯೇ, ಎಂದು ಕೇಳಿದ. ಪ್ರೇಕ್ಷಕರನ್ನು ವ್ಯಾನಿನಲ್ಲಿ ಕರೆತರುವ ಏಜೆಂಟನ ನಂಬರು ಕೊಟ್ಟ. ಏಜೆಂಟ ಅವಳ ಹೆಸರು ಪುಟ್ಟಲಿಂಗಮ್ಮ ಎಂದು ಹೇಳಿ, ಮನೆಯ ದಾರಿ ಹೇಳಿದ.

ಪುಟ್ಟಲಿಂಗಮ್ಮ ಹೊಸ್ತಿಲಲ್ಲಿ ಕೂತು, ಹೋಟೆಲಿಗೆ ಕೊಡುವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದರ್ಜಿ ತಾನು ಯಾರೆಂದು ಹೇಳಿದ. ಅವಳಿಗೆ ಗುರುತು ಹತ್ತಲಿಲ್ಲ. ಅವನು ಫೋನು ಮುಂದೆ ಹಿಡಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಫೋನು ತೆಗೆದುಕೊಂಡು, ಪೂರ್ತಿ ನೋಡಿದಳು.

"ಇದು ನಾನೇ ಕಣಪ್ಪ," ಎಂದಳು. "ಆದರೆ ನಿನ್ನ ಹಾಡು ನಾನು ಕೇಳುತ್ತಿರುವುದು ಇವತ್ತೇ."

ಅಲ್ಲಿ ನಡೆಯುವುದನ್ನು ಅವಳು ಬಿಡಿಸಿ ಹೇಳಿದಳು. ಹಾಡುವವರು ಬರುವ ಮೊದಲೇ, ಬೆಳಿಗ್ಗೆ, ಪ್ರೇಕ್ಷಕರನ್ನು ಕೂರಿಸಿ ಕ್ಯಾಮೆರಾ ಅವರ ಕಡೆ ತಿರುಗಿಸುತ್ತಾರೆ. ನಗಿ ಅಂದರೆ ನಗಬೇಕು, ಚಪ್ಪಾಳೆ ಅಂದರೆ ತಟ್ಟಬೇಕು, ಕೊನೆಗೆ ಅಳಿ ಅನ್ನುತ್ತಾರೆ. ಬೇರೆಯವರ ಕಣ್ಣಿಗೆ ಗ್ಲಿಸರಿನ್ ಹಾಕುತ್ತಾರೆ. ಅವಳಿಗೆ ಅದು ಬೇಕಾಗುವುದಿಲ್ಲ. ಆ ಅಳುವನ್ನು ತೆಗೆದಿಟ್ಟುಕೊಂಡು, ಆಮೇಲೆ ಯಾರ ಹಾಡಿಗೆ ಬೇಕೋ ಅವರ ಹಾಡಿಗೆ ಸೇರಿಸುತ್ತಾರೆ. ಮಧ್ಯಾಹ್ನ ಮುಂದಿನ ಸಾಲುಗಳಿಗೆ ಕಾಲೇಜು ಹುಡುಗಿಯರನ್ನು ತಂದು ಕೂರಿಸಿ, ಅವಳಂಥವರನ್ನು ಊಟ ಕೊಟ್ಟು ಮೊದಲ ವ್ಯಾನಿನಲ್ಲೇ ಕಳಿಸಿಬಿಡುತ್ತಾರೆ.

ದರ್ಜಿ ಫೋನನ್ನು ಜೇಬಿಗೆ ಹಾಕಿಕೊಂಡ. ಎದ್ದು ಹೋಗಬೇಕೆಂದುಕೊಂಡ. ಆದರೆ ಏಳಲಿಲ್ಲ.

"ಯಾರೂ ಹಾಡುತ್ತಲೇ ಇರಲಿಲ್ಲವೆಂದರೆ ನಿಮಗೆ ಅಳು ಹೇಗೆ ಬಂತಮ್ಮ?" ಎಂದು ಕೇಳಿದ.

"ಮಗಳು ಹೋಗಿ ಹನ್ನೊಂದು ವರ್ಷವಾಯಿತಪ್ಪ," ಎಂದಳು ಪುಟ್ಟಲಿಂಗಮ್ಮ. "ಮನೆ ನೋಡು, ಒಂದೇ ಕೋಣೆ. ಅತ್ತರೆ ಮಗ ಸಿಡುಕುತ್ತಾನೆ. ಸೊಸೆ ತನ್ನಿಂದಲೇ ಅಂದುಕೊಳ್ಳುತ್ತಾಳೆ. ಮೊಮ್ಮಕ್ಕಳು ಹೆದರುತ್ತವೆ. ಅಲ್ಲಿ ಮಾತ್ರ ನನ್ನನ್ನು ಅಳು ಅನ್ನುತ್ತಾರೆ. ಅಳುತ್ತೇನೆ."

ದರ್ಜಿ ಮಗಳ ಹೆಸರೇನೆಂದು ಕೇಳಿದ. ಅವಳು, ಚಂದ್ರಿಕಾ ಎಂದಳು. ನರ್ಸ್ ತರಬೇತಿಗೆ ಹೋಗುತ್ತಿದ್ದಳೆಂದೂ, ಬಿಳಿ ಸಮವಸ್ತ್ರವನ್ನು ಮಗಳೇ ಒಗೆದು, ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವೆಂದೂ, ಆರು ದಿನದ ಜ್ವರದಲ್ಲಿ ಹೋದಳೆಂದೂ ಹೇಳಿದಳು. ಹೇಳುವಾಗ ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ಆಗ ದರ್ಜಿ ಟಿವಿಯವರಿಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನು ಹೇಳಿದ. ಅವನ ತಾಯಿಯ ಕಂಠ ಚೆನ್ನಾಗಿರಲಿಲ್ಲ. ಸಾಯುವ ಹಿಂದಿನ ದಿನ ಅವಳು ಮಲಗಿದಲ್ಲೇ ಆ ಜೋಗುಳ ಹಾಡುತ್ತಿದ್ದಳು. ಕೇಳಲಾಗದೆ, ಸಾಕು ನಿಲ್ಲಿಸು ಎಂದು ಅವನು ಅಂದಿದ್ದ. ಅವಳು ನಿಲ್ಲಿಸಿದ್ದಳು.

ಪುಟ್ಟಲಿಂಗಮ್ಮ ಸಮಾಧಾನ ಹೇಳಲಿಲ್ಲ. ಬೆಳ್ಳುಳ್ಳಿಯ ಮೊರವನ್ನು ಇಬ್ಬರ ನಡುವೆ ಎಳೆದಿಟ್ಟಳು. ಇಬ್ಬರೂ ಸುಲಿಯುತ್ತ ಕೂತರು. ಮೊಮ್ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅವನು ಎದ್ದು, ರವಿಕೆಬಟ್ಟೆಯನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಬಿಚ್ಚಿ ನೋಡಿ, ಒಳಗೆ ಹೋಗಿ, ಅಳತೆಗೆಂದು ತನ್ನದೊಂದು ಹಳೆಯ ರವಿಕೆ ತಂದು, ಎರಡನ್ನೂ ಅವನ ಚೀಲಕ್ಕೆ ಹಾಕಿದಳು. ಅವನು ಬಸ್ಸು ಹಿಡಿದು ಊರಿಗೆ ಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆ ತುಣುಕನ್ನು ಅವನು ಅಳಿಸಿಹಾಕಿದನೇ ಗುರುಗಳೇ?" ಎಂದು ಕಲ್ಲೇಶ ಕೇಳಿದ.

"ಇಲ್ಲ. ಈಗಲೂ ಬೆಳಿಗ್ಗೆ ನೋಡುತ್ತಾನೆ. ಶಬ್ದ ನಿಲ್ಲಿಸಿ ನೋಡುತ್ತಾನೆ."

ಕಲ್ಲೇಶ ತಲೆಯಾಡಿಸಿದ. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡು, ಕೈಮುಗಿದು ಏಳಲು ಹೋದ.

ಗುರುಗಳು ಕೇಳಿದರು: "ನಿನ್ನೆ ನೀನು ಅತ್ತದ್ದು ಯಾರಿಗಾಗಿ, ಕಲ್ಲೇಶ?"