ಹುಲ್ಲಿನೊಳಗಿನ ನೇರಳೆ ಹೂವು

ಹೊಳೆ ದಂಡೆಯ ಮಠದ ಎಳೆಯ ಜಂಗಮ ಅಡವಯ್ಯನಿಗೆ ಒಂದು ಕೆಲಸ ಮಾತ್ರ ಸೇರುತ್ತಿರಲಿಲ್ಲ: ಜೋಳಿಗೆ ಹಾಕಿಕೊಂಡು ಊರೊಳಗೆ ಐದು ಮನೆ ಭಿಕ್ಷೆಗೆ ಹೋಗುವುದು.

ಒಂದು ದಿನ ಊರಬಾಗಿಲ ಅಗಸಿ ಕಟ್ಟೆಯ ಮೇಲೆ ಕುಳಿತವನೊಬ್ಬ, ಅಯ್ಯನವರ ದುಡಿಯುವಂಥ ರಟ್ಟೆಯ ಅಳತೆಗೆ ಜೋಳಿಗೆ ಸಣ್ಣದಾಯಿತು ಎಂದು ನಕ್ಕ. ಅಡವಯ್ಯ ಅಂದೇ ಭಿಕ್ಷೆ ಬಿಟ್ಟ. ಹಿತ್ತಲು ಅಗೆದು ರಾಜಗಿರಿ, ಮೆಂತ್ಯ ಬಿತ್ತಿದ. ಇನ್ನು ಮೇಲೆ ತನ್ನ ಅನ್ನ ತಾನೇ ಬೆಳೆದುಕೊಳ್ಳುವುದಾಗಿ ಗುರುಗಳಿಗೆ ಹೇಳಿದ.

ಗುರುಗಳು ಬೇಡ ಎನ್ನಲಿಲ್ಲ. ಗುಡ್ಡದ ಹುಲ್ಲಿನಲ್ಲಿ ಅರಳುವ ಸಣ್ಣ ನೇರಳೆ ಹೂವಿನ ಗಿಡವೊಂದನ್ನು ತಂದು ಹಿತ್ತಲಲ್ಲಿ ಬದುಕಿಸು, ಅದು ಬದುಕಿದರೆ ಭಿಕ್ಷೆಯ ಮಾತು ಎತ್ತುವುದಿಲ್ಲ ಎಂದರು.

ಅಡವಯ್ಯ ಗಿಡ ತಂದ. ಬೇರಿಗೆ ಸಿಕ್ಕಿಕೊಂಡಿದ್ದ ಹುಲ್ಲನ್ನು ಎಳೆ ಎಳೆಯಾಗಿ ಬಿಡಿಸಿ, ತೊಳೆದು, ಗೊಬ್ಬರ ಹಾಕಿ ನೆಟ್ಟ. ಮೂರನೇ ದಿನ ಒಣಗಿತು.

ಇನ್ನೊಂದು ತಂದ. ಬೇರನ್ನು ಇನ್ನೂ ಚೊಕ್ಕ ಮಾಡಿದ. ಅದು ಎರಡೇ ದಿನಕ್ಕೆ ಒಣಗಿತು.

ನಾಲ್ಕನೆಯದು ಸತ್ತಾಗ ಸಲಿಕೆ ಒಗೆದ.

“ಎಲಿ ಹಸಿರದಾವ, ಬಿಸಿಲೈತಿ, ನೀರೈತಿ. ಇದಕ್ಕ ಇನ್ನೇನ ಬೇಕಂತ, ಅಜ್ಜಾರ?”

ಗುರುಗಳು ಹಣೆ ಉಜ್ಜಿಕೊಂಡರು. ಅವನನ್ನು ಕರೆದುಕೊಂಡು, ಮೊಣಕಾಲು ಹಿಡಿದುಕೊಂಡು ತಾವೇ ಗುಡ್ಡ ಹತ್ತಿದರು. ಹುಲ್ಲಿನ ಸಮೇತ ಗಿಡವಿದ್ದ ಒಂದು ಮಣ್ಣಿನ ಹೆಂಟೆ ಕಿತ್ತು, ಹೊಳೆಗಿಳಿದು ಅದ್ದಿ, ಮಣ್ಣು ಕರಗಿಸಿ ತೋರಿಸಿದರು. ಹೂಗಿಡದ ಬೇರು ಹುಲ್ಲಿನ ಬೇರನ್ನು ಅಲ್ಲಲ್ಲಿ ಕಚ್ಚಿ ಹಿಡಿದಿತ್ತು.

“ಹಸಿರೆಲಿ ಇದ್ದೂ ಕಂಡವರ ಬೇರು ಹೀರತೈತೇನಿದು?”

“ಹ್ಞೂ. ನಾಕು ಸಲ ಕೈಯಾರ ಬಿಡಿಸಿದಿಯಲ್ಲ, ಕಣ್ಣು ಎಲ್ಲಿಟ್ಟಿದ್ದಿ?”

ಅಡವಯ್ಯ ಮುಖ ಗಂಟು ಹಾಕಿದ. ಹೂವಿನ ನಾಚಿಕೆಗೇಡಿತನ ಹೂವಿಗೇ ಇರಲಿ, ತಾನು ಗಿಡವಲ್ಲ, ಹೇಗೂ ಬದುಕುತ್ತೇನೆ ಎಂದ. ಯಾರ ಹಂಗೂ ತನಗೆ ಬೇಡ ಎಂದ.

ಗುರುಗಳು ಉಸಿರು ಬಿಟ್ಟು ಮಠದ ಕಡೆ ತಿರುಗಿದರು.

ಮೆಟ್ಟಿಲ ಮೇಲೆ ಮುದುಕಿ ದುಂಡವ್ವ ಕುಳಿತಿದ್ದಳು. ಭಿಕ್ಷೆಯ ಐದು ಮನೆಗಳಲ್ಲಿ ಕೊನೆಯದು ಅವಳದು. ಜಂಗಮನ ಜೋಳಿಗೆಗೆ ನೀಡದೆ ಉಣ್ಣುವುದಿಲ್ಲವೆಂಬುದು ಅವಳ ನೇಮ. ಇಷ್ಟು ದಿನ ಹೊತ್ತು ಇಳಿಯುವವರೆಗೆ ದಾರಿ ನೋಡಿ, ಕೊನೆಗೆ ಆಕಳಿಗೆ ಹಾಕಿ ಉಂಡಿದ್ದಳಂತೆ. ಇವತ್ತು ಕೋಲೂರಿಕೊಂಡು ತಾನೇ ಬಂದಿದ್ದಳು. ಉಡಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ.

ಗುರುಗಳು ಕೈ ಚಾಚಿದರೆ ಅವಳು ಕೊಡಲಿಲ್ಲ. ಅಡವಯ್ಯನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಅಯ್ಯನವರಿಗೆ ಮೈಯಾಗ ಆರಾಮ ಇರಲಿಲ್ಲೇನ?”

ಅಡವಯ್ಯ ಗುರುಗಳ ಕಡೆ ತಿರುಗಿದ.

“ನನ್ನ ಮಾರಿ ಯಾಕ ನೋಡತಿ?” ಎಂದರು ಗುರುಗಳು. “ಯಾರ ಹಂಗೂ ಬ್ಯಾಡಂತ ಅಕಿಗೆ ನೀನ ಹೇಳು. ಜಲ್ದಿ ಹೇಳು, ಮುಂಜಾನಿಂದ ಉಂಡಿಲ್ಲ ಅಕಿ.”